ಶಿಕ್ಷೆ ಮುಗಿಸಿದವರ ಮತದಾನದ ಹಕ್ಕು: ಫ್ಲಾರಿಡಾ ಮತ್ತು ಅಮೆರಿಕದ ಇತರ ರಾಜ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಭೀರ ಅಪರಾಧಕ್ಕಾಗಿ ಶಿಕ್ಷೆಗೊಳಗಾದವರು ಮತದಾನದ ಹಕ್ಕನ್ನು ಯಾವಾಗ ಕಳೆದುಕೊಳ್ಳುತ್ತಾರೆ, ಯಾವಾಗ ಮರಳಿ ಪಡೆಯುತ್ತಾರೆ ಎಂಬುದು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಈ ಪುಟದಲ್ಲಿ ಫ್ಲಾರಿಡಾಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಹಕ್ಕನ್ನು ಮರಳಿಸಲು ಜನರು ಮತ ಹಾಕಿ ತೀರ್ಮಾನಿಸಿದ ಮೇಲೂ, ಅದು ಯಾರಿಗೆ ಮರಳಿದೆ ಎಂದು ಖಚಿತವಾಗಿ ಹೇಳುವ ವ್ಯವಸ್ಥೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಆ ರಾಜ್ಯದಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಂಡಿಲ್ಲ. ಇಲ್ಲಿರುವುದು ಸಾಮಾನ್ಯ ಮಾಹಿತಿ. ತಮ್ಮದೇ ಪ್ರಕರಣದ ಬಗ್ಗೆ ಅನುಮಾನವಿರುವವರು ವಕೀಲರನ್ನು ಕೇಳಬೇಕು.

ಫೆಲನಿ ಎಂದರೆ ಯಾವ ಬಗೆಯ ಅಪರಾಧ? ಕೊಲೆ, ದರೋಡೆಗಳು ಮಾತ್ರವೇ?

ಅಲ್ಲ. ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಯಾವುದೇ ಅಪರಾಧವನ್ನು ಅಮೆರಿಕದಲ್ಲಿ ಫೆಲನಿ ಎನ್ನುತ್ತಾರೆ. ಅದಕ್ಕಿಂತ ಕೆಳಗಿನದು ಮಿಸ್‌ಡಿಮೀನರ್. ನ್ಯಾಯಾಲಯ ಕೊನೆಗೆ ಎಷ್ಟು ಶಿಕ್ಷೆ ಕೊಟ್ಟಿತು ಎಂಬುದು ಇಲ್ಲಿ ಮುಖ್ಯವಲ್ಲ. ಕಾನೂನು ಆ ಅಪರಾಧವನ್ನು ಯಾವ ದರ್ಜೆಯಲ್ಲಿ ಇಟ್ಟಿದೆ ಎಂಬುದು ಮುಖ್ಯ. ಒಂದು ದಿನವೂ ಜೈಲಿನಲ್ಲಿರದೆ ಪ್ರೊಬೇಷನ್ (ಜೈಲಿನ ಬದಲು ಅಧಿಕಾರಿಗಳ ನಿಗಾದಲ್ಲಿ ಹೊರಗಿರುವ ಶಿಕ್ಷೆ) ಮೇಲೆ ಮನೆಗೆ ಹೋದವನೂ ಫೆಲನಿ ಅಪರಾಧಿಯೇ ಆಗಿರಬಹುದು.

ಗೆರೆ ಎಷ್ಟು ಕೆಳಗಿರಬಹುದು ಎಂಬುದಕ್ಕೆ ಫ್ಲಾರಿಡಾದ ಕಳ್ಳತನದ ಕಾನೂನನ್ನು ನೋಡಬಹುದು. 2019ರ ಅಕ್ಟೋಬರ್ 1ರವರೆಗೆ ಅಲ್ಲಿ 300 ಡಾಲರ್ ಬೆಲೆಯ ವಸ್ತುವನ್ನು ಕದ್ದರೆ ಅದು ಫೆಲನಿಯಾಗುತ್ತಿತ್ತು. ಆಮೇಲೆ ಈ ಮಿತಿಯನ್ನು 750 ಡಾಲರ್‌ಗೆ ಏರಿಸಲಾಯಿತು. ಅಂದರೆ ಅಂಗಡಿಯಿಂದ ಒಂದು ಸಾಧಾರಣ ಮೊಬೈಲ್ ಫೋನ್ ಎತ್ತಿಕೊಂಡು ಸಿಕ್ಕಿಬಿದ್ದ ಹದಿನೆಂಟರ ಹುಡುಗ, ರಾಜ್ಯದ ಮತದಾನದ ನಿಯಮ ಬದಲಾದ 2018ಕ್ಕೆ ಮೊದಲು, ಆಯುಷ್ಯವಿಡೀ ಮತದಾನದಿಂದ ಹೊರಗುಳಿಯಬಹುದಾಗಿತ್ತು.

ಇದರೊಂದಿಗೆ ಇನ್ನೊಂದು ಸೂಕ್ಷ್ಮವಿದೆ. ಆರೋಪಿ ತಪ್ಪೊಪ್ಪಿಕೊಂಡರೂ ನ್ಯಾಯಾಧೀಶರು ಅಪರಾಧಿ ಎಂಬ ಔಪಚಾರಿಕ ತೀರ್ಪನ್ನು ತಡೆಹಿಡಿಯುವ ಪದ್ಧತಿ ಫ್ಲಾರಿಡಾದಲ್ಲಿದೆ. ಹಾಗೆ ತಡೆಹಿಡಿದಿದ್ದರೆ ಮತದಾನದ ಹಕ್ಕು ಹೋಗುವುದೇ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದ ಕಾರಣ, ಕಳೆದುಕೊಂಡೇ ಇರದ ಹಕ್ಕನ್ನು ಬಳಸದೆ ಸುಮ್ಮನಿರುವವರೂ ಉಂಟು. ತೀರ್ಪಿನ ಪ್ರತಿಯನ್ನು ಒಮ್ಮೆ ತೆಗೆಸಿ ಓದುವುದು ಎಲ್ಲಕ್ಕಿಂತ ಮೊದಲ ಕೆಲಸ.

ಸಂವಿಧಾನ ಎಲ್ಲ ಪ್ರಜೆಗಳನ್ನೂ ಸಮಾನವಾಗಿ ಕಾಣಬೇಕು ಎನ್ನುವಾಗ ಈ ನಿರ್ಬಂಧ ಹೇಗೆ ಉಳಿದುಕೊಂಡಿದೆ?

ಕಾನೂನಿನ ಸಮಾನ ರಕ್ಷಣೆಯ ಭರವಸೆ ಕೊಡುವ ಹದಿನಾಲ್ಕನೇ ತಿದ್ದುಪಡಿಯೇ ಇದಕ್ಕೂ ಆಧಾರವಾಗಿದೆ. 1868ರಲ್ಲಿ ಜಾರಿಗೆ ಬಂದ ಆ ತಿದ್ದುಪಡಿಯ ಎರಡನೇ ಭಾಗವು, ಗಂಡಸರಿಗೆ ಮತದಾನ ನಿರಾಕರಿಸುವ ರಾಜ್ಯಗಳು ಸಂಸತ್ತಿನಲ್ಲಿ ತಮ್ಮ ಪ್ರಾತಿನಿಧ್ಯವನ್ನು ಅದೇ ಪ್ರಮಾಣದಲ್ಲಿ ಕಳೆದುಕೊಳ್ಳಬೇಕು ಎನ್ನುತ್ತದೆ. ಆದರೆ ಬಂಡಾಯದಲ್ಲಿ ಪಾಲ್ಗೊಂಡವರಿಗೂ ಇತರ ಅಪರಾಧ ಮಾಡಿದವರಿಗೂ ನಿರಾಕರಿಸಿದರೆ ಆ ದಂಡನೆ ಇಲ್ಲ ಎಂದು ವಿನಾಯಿತಿಯನ್ನೂ ಇಡುತ್ತದೆ. ಈ ವಿನಾಯಿತಿಯನ್ನೇ ಆಧರಿಸಿ 1974ರಲ್ಲಿ ರಿಚರ್ಡ್‌ಸನ್ ವಿರುದ್ಧ ರಾಮಿರೆಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆ ಮುಗಿಸಿದವರಿಗೂ ರಾಜ್ಯಗಳು ಮತದಾನವನ್ನು ನಿರಾಕರಿಸಬಹುದು ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ಭಿನ್ನಮತ ಬರೆದವರು ಥರ್ಗುಡ್ ಮಾರ್ಷಲ್.

ಇದಕ್ಕೆ ಒಂದು ಮಿತಿ 1985ರಲ್ಲಿ ಬಂತು. ಅಲಬಾಮಾದ 1901ರ ಸಂವಿಧಾನವು ನೈತಿಕ ಅಧಃಪತನದ ಅಪರಾಧಗಳಿಗೆ ಮತದಾನ ನಿಷೇಧಿಸಿತ್ತು. ಆ ಸಂವಿಧಾನವನ್ನು ಬರೆದ ಸಭೆಯ ಅಧ್ಯಕ್ಷರು, ರಾಜ್ಯದಲ್ಲಿ ಬಿಳಿಯರ ಪ್ರಾಬಲ್ಯವನ್ನು ಸ್ಥಾಪಿಸುವುದೇ ತಮ್ಮ ಉದ್ದೇಶವೆಂದು ಭಾಷಣದಲ್ಲಿಯೇ ಹೇಳಿದ್ದರು. ಜನಾಂಗೀಯ ದುರುದ್ದೇಶ ಇಷ್ಟು ಬಹಿರಂಗವಾಗಿದ್ದುದರಿಂದ ಹಂಟರ್ ವಿರುದ್ಧ ಅಂಡರ್‌ವುಡ್ ಪ್ರಕರಣದಲ್ಲಿ ನ್ಯಾಯಾಲಯ ಆ ನಿಯಮವನ್ನು ರದ್ದುಗೊಳಿಸಿತು. ಇದನ್ನೂ ಬರೆದವರು ರೆನ್‌ಕ್ವಿಸ್ಟರೇ. ಆದರೆ ದುರುದ್ದೇಶವನ್ನು ಅಷ್ಟು ಬಾಯಿಬಿಟ್ಟು ಹೇಳುವವರು ಎಲ್ಲ ಕಡೆಯೂ ಸಿಗುವುದಿಲ್ಲವಾದ್ದರಿಂದ, ಈ ದಾರಿಯಲ್ಲಿ ಗೆದ್ದ ಮೊಕದ್ದಮೆಗಳು ಕಡಿಮೆ.

ಈಗ ರಾಜ್ಯಗಳ ನಡುವೆ ಎಷ್ಟು ವ್ಯತ್ಯಾಸವಿದೆ?

ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಜೈಲಿನೊಳಗಿರುವವರೂ ಅಂಚೆಯ ಮೂಲಕ ಮತ ಹಾಕುತ್ತಾರೆ. ರಾಜಧಾನಿ ವಾಷಿಂಗ್ಟನ್ ಡಿ.ಸಿ. 2020ರಲ್ಲಿ ಈ ಸಾಲಿಗೆ ಸೇರಿತು. ಹಲವು ರಾಜ್ಯಗಳಲ್ಲಿ ಜೈಲಿನ ಬಾಗಿಲು ದಾಟಿದ ಕೂಡಲೇ ಹಕ್ಕು ಮರಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನಮತದ ನಂತರ ಪೆರೋಲ್ (ಜೈಲಿನಿಂದ ಬಿಟ್ಟ ಮೇಲೂ ಶಿಕ್ಷೆಯ ಭಾಗವಾಗಿ ಮುಂದುವರಿಯುವ ನಿಗಾ) ಮೇಲಿರುವವರಿಗೂ ಹಕ್ಕು ಸಿಕ್ಕಿದೆ. ನ್ಯೂಯಾರ್ಕ್ 2021ರಲ್ಲಿ, ಮಿನ್ನೆಸೋಟ ಮತ್ತು ನ್ಯೂ ಮೆಕ್ಸಿಕೊ 2023ರಲ್ಲಿ ಇದೇ ದಿಕ್ಕಿನ ಕಾನೂನು ತಂದವು. ಇನ್ನು ಕೆಲವು ಕಡೆ ಪೆರೋಲ್, ಪ್ರೊಬೇಷನ್ ಎರಡೂ ಮುಗಿಯಬೇಕು. ಮತ್ತೆ ಕೆಲವೆಡೆ ಅದರ ಮೇಲೆ ಹಣ ಕಟ್ಟಬೇಕು, ಅರ್ಜಿ ಹಾಕಬೇಕು ಅಥವಾ ಗವರ್ನರರ (ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥರ) ಸಹಿಗಾಗಿ ಕಾಯಬೇಕು.

ದೇಶದಾದ್ಯಂತ ಹೀಗೆ ಮತದಾನದಿಂದ ಹೊರಗುಳಿದವರ ಸಂಖ್ಯೆಯನ್ನು ಸೆಂಟೆನ್ಸಿಂಗ್ ಪ್ರಾಜೆಕ್ಟ್ ಎಂಬ ಸಂಸ್ಥೆ ನಿಯತವಾಗಿ ಅಂದಾಜು ಮಾಡುತ್ತದೆ. 2016ರಲ್ಲಿ ಅದು ಸುಮಾರು 61 ಲಕ್ಷವಾಗಿತ್ತು. 2024ರ ಹೊತ್ತಿಗೆ ಸುಮಾರು 40 ಲಕ್ಷಕ್ಕೆ ಇಳಿದಿತ್ತು. ಕಪ್ಪು ಅಮೆರಿಕನ್ನರಲ್ಲಿ ಈ ಪ್ರಮಾಣ ಮತದಾನದ ವಯಸ್ಸಿನ 22 ಜನರಲ್ಲಿ ಒಬ್ಬರು.

2018ಕ್ಕೆ ಮೊದಲು ಫ್ಲಾರಿಡಾದಲ್ಲಿ ಏನಿತ್ತು?

ಫೆಲನಿಯಲ್ಲಿ ಅಪರಾಧಿಯಾದ ಯಾರೇ ಆಗಲಿ, ಕ್ಷಮಾದಾನ ಮಂಡಳಿ ಮನಸ್ಸು ಮಾಡದ ಹೊರತು ಸಾಯುವವರೆಗೂ ಮತ ಹಾಕುವಂತಿರಲಿಲ್ಲ. ಆ ಮಂಡಳಿಯಲ್ಲಿ ಇರುವವರು ಗವರ್ನರ್ ಮತ್ತು ಅವರ ಸಂಪುಟದ ಮೂವರು ಚುನಾಯಿತ ಸದಸ್ಯರು. ಹೀಗಾಗಿ ಹಕ್ಕು ಸಿಗುವುದೂ ಬಿಡುವುದೂ ಗವರ್ನರ್ ಯಾರು ಎಂಬುದನ್ನು ಅವಲಂಬಿಸಿತ್ತು. ಚಾರ್ಲಿ ಕ್ರಿಸ್ಟ್ 2007ರಲ್ಲಿ ನಿಯಮ ಸಡಿಲಿಸಿದಾಗ ನಾಲ್ಕು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಹಕ್ಕು ಮರಳಿತು. ಅವರ ನಂತರ ಬಂದ ರಿಕ್ ಸ್ಕಾಟ್ 2011ರಲ್ಲಿ ಆ ನಿಯಮವನ್ನು ತೆಗೆದುಹಾಕಿ, ಶಿಕ್ಷೆ ಮುಗಿದ ಮೇಲೂ ಐದು ಅಥವಾ ಏಳು ವರ್ಷ ಕಾದು ಅರ್ಜಿ ಹಾಕಬೇಕೆಂದರು. ಅವರ ಎಂಟು ವರ್ಷಗಳಲ್ಲಿ ಹಕ್ಕು ಮರಳಿ ಪಡೆದವರು ಕೆಲವೇ ಸಾವಿರ. ಅರ್ಜಿದಾರರು ರಾಜಧಾನಿ ಟ್ಯಾಲಹಾಸಿಗೆ ಹೋಗಿ, ಮಂಡಳಿಯ ಮುಂದೆ ನಿಂತು, ತಾವೀಗ ಹೇಗೆ ಬದುಕುತ್ತಿದ್ದೇವೆ ಎಂದು ಕೆಲವೇ ನಿಮಿಷಗಳಲ್ಲಿ ವಿವರಿಸಬೇಕಿತ್ತು. ಇಂಥವರಿಗೆ ಕೊಡಬೇಕು ಎಂಬ ಲಿಖಿತ ಮಾನದಂಡ ಇರಲೇ ಇಲ್ಲ. 2018ರ ಫೆಬ್ರವರಿಯಲ್ಲಿ ಫೆಡರಲ್ (ಎಂದರೆ ಕೇಂದ್ರದ) ನ್ಯಾಯಾಧೀಶ ಮಾರ್ಕ್ ವಾಕರ್ ಈ ಕಾರಣಕ್ಕಾಗಿಯೇ ಆ ಪದ್ಧತಿಯನ್ನು ಅಸಾಂವಿಧಾನಿಕವೆಂದು ಕರೆದರು.

2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದ ಫಲಿತಾಂಶ ನಿಂತದ್ದು 537 ಮತಗಳ ಅಂತರದ ಮೇಲೆ ಎಂಬುದನ್ನು ನೆನೆದರೆ, ಈ ಪ್ರಶ್ನೆಗೆ ಅಲ್ಲಿ ಅಷ್ಟು ತೂಕ ಏಕೆ ಬಂತೆಂದು ತಿಳಿಯುತ್ತದೆ.

ನಾಲ್ಕನೇ ತಿದ್ದುಪಡಿ ಎಂದರೇನು?

2018ರ ನವೆಂಬರ್ 6ರ ಮತಪತ್ರದಲ್ಲಿ ನಾಲ್ಕನೇ ಕ್ರಮಾಂಕದಲ್ಲಿದ್ದ, ಫ್ಲಾರಿಡಾದ ರಾಜ್ಯ ಸಂವಿಧಾನಕ್ಕೆ ತರಬೇಕೆಂದಿದ್ದ ತಿದ್ದುಪಡಿ ಇದು. ಸ್ವತಃ ಶಿಕ್ಷೆ ಅನುಭವಿಸಿ, ಆಮೇಲೆ ಕಾನೂನು ಓದಿದ ಡೆಸ್ಮಂಡ್ ಮೀಡ್ ಮತ್ತು ಅವರ ಫ್ಲಾರಿಡಾ ರೈಟ್ಸ್ ರೆಸ್ಟೊರೇಷನ್ ಕೊಯಲಿಷನ್ ಎಂಬ ಸಂಘಟನೆ ಊರೂರು ತಿರುಗಿ ಸಹಿ ಸಂಗ್ರಹಿಸಿ ಇದನ್ನು ಜನರ ಮುಂದಿಟ್ಟವು. ಗೆಲ್ಲಲು ಶೇ. 60 ಮತ ಬೇಕಿತ್ತು, ಶೇ. 64.5ರಷ್ಟು ಬಂತು. ಅದೇ ದಿನ ಗವರ್ನರ್ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ರಾಜ್ಯ ಹೆಚ್ಚುಕಡಿಮೆ ಸರಿಯರ್ಧ ಒಡೆದಿತ್ತು ಎಂದ ಮೇಲೆ, ಎರಡೂ ಪಕ್ಷಗಳ ಬೆಂಬಲಿಗರು ತಿದ್ದುಪಡಿಯ ಪರವಾಗಿ ಮತ ಹಾಕಿದ್ದರೆಂಬುದು ಸ್ಪಷ್ಟ.

ಪೆರೋಲ್ ಮತ್ತು ಪ್ರೊಬೇಷನ್ ಸೇರಿದಂತೆ ಶಿಕ್ಷೆಯ ಎಲ್ಲ ಷರತ್ತುಗಳನ್ನೂ ಪೂರೈಸಿದವರಿಗೆ ಮತದಾನದ ಹಕ್ಕು ಮರಳುತ್ತದೆ ಎಂಬುದು ಅದರ ಸಾರ. ಕೊಲೆ ಮತ್ತು ಲೈಂಗಿಕ ಅಪರಾಧದ ಫೆಲನಿಗಳಲ್ಲಿ ಶಿಕ್ಷೆಯಾದವರಿಗೆ ಇದು ಅನ್ವಯಿಸುವುದಿಲ್ಲ; ಅವರು ಈಗಲೂ ಕ್ಷಮಾದಾನ ಮಂಡಳಿಗೇ ಹೋಗಬೇಕು. 2019ರ ಜನವರಿ 8ರಂದು ತಿದ್ದುಪಡಿ ಜಾರಿಗೆ ಬಂದಾಗ ಸುಮಾರು 14 ಲಕ್ಷ ಜನರಿಗೆ ಹಕ್ಕು ಮರಳಬಹುದೆಂದು ಅಂದಾಜಿಸಲಾಗಿತ್ತು. ಆ ಬೆಳಗ್ಗೆ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಚುನಾವಣಾ ಕಚೇರಿಗಳಲ್ಲಿ ನೋಂದಣಿಗೆ ಬಂದವರಲ್ಲಿ ಮೀಡ್ ಕೂಡ ಒಬ್ಬರು.

ಹಾಗಿದ್ದರೆ ದಂಡದ ಹಣದ ವಿಚಾರ ಎಲ್ಲಿಂದ ಬಂತು?

ಎಲ್ಲ ಷರತ್ತುಗಳು ಎಂಬ ಮಾತಿನಲ್ಲಿ ಹಣವೂ ಸೇರುತ್ತದೆಯೇ ಎಂಬುದರಿಂದ ಬಂತು. 2019ರ ಜೂನ್ 28ರಂದು ಗವರ್ನರ್ ರಾನ್ ಡಿಸ್ಯಾಂಟಿಸ್ ಸಹಿ ಮಾಡಿದ, ಸೆನೆಟ್ ಮಸೂದೆ 7066 ಎಂದು ಪ್ರಸಿದ್ಧವಾದ ಕಾನೂನು, ತೀರ್ಪಿನಲ್ಲಿ ವಿಧಿಸಲಾದ ದಂಡ, ನ್ಯಾಯಾಲಯದ ಶುಲ್ಕ, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ ಎಲ್ಲವನ್ನೂ ಪೂರ್ತಿ ಕಟ್ಟಿದ ಮೇಲೆ ಮಾತ್ರ ಶಿಕ್ಷೆ ಮುಗಿದಂತೆ ಎಂದಿತು. 2020ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ತಿದ್ದುಪಡಿಯ ಅರ್ಥ ಇದೇ ಎಂದು ಅಭಿಪ್ರಾಯಪಟ್ಟಿತು.

ಸಂತ್ರಸ್ತರ ಪರಿಹಾರ ಕೊಡಬೇಕಾದದ್ದೇ ಎಂಬುದರಲ್ಲಿ ಹೆಚ್ಚಿನವರಿಗೆ ತಕರಾರಿಲ್ಲ. ತಕರಾರಿರುವುದು ಶುಲ್ಕಗಳ ಬಗ್ಗೆ. ಫ್ಲಾರಿಡಾದಲ್ಲಿ ಪ್ರತಿ ಫೆಲನಿ ಪ್ರಕರಣಕ್ಕೆ 225 ಡಾಲರ್ ಹೆಚ್ಚುವರಿ ನ್ಯಾಯಾಲಯ ಶುಲ್ಕವಿದೆ. ಬಡವರಿಗೆ ಸರ್ಕಾರ ಕೊಡುವ ವಕೀಲರನ್ನು ಕೇಳಿ ಅರ್ಜಿ ಹಾಕಿದರೆ 50 ಡಾಲರ್. ಅಪರಾಧಿ ಎಂದು ತೀರ್ಪಾದರೆ ಅದೇ ವಕೀಲರ ವೆಚ್ಚಕ್ಕೆಂದು ಕನಿಷ್ಠ 100 ಡಾಲರ್. ವಕೀಲರನ್ನು ಇಟ್ಟುಕೊಳ್ಳಲು ಕಾಸಿಲ್ಲ ಎಂದು ಸರ್ಕಾರವೇ ಒಪ್ಪಿದವನ ಮೇಲೆ ಬರೆಯುವ ಬಾಕಿ ಇದು. ಬಾಕಿಯನ್ನು ಖಾಸಗಿ ವಸೂಲಿ ಏಜೆನ್ಸಿಗೆ ಒಪ್ಪಿಸಿದರೆ, ಆ ಏಜೆನ್ಸಿ ತನ್ನ ಪಾಲಿಗೆಂದು ಶೇ. 40ರವರೆಗೆ ಮೇಲೆ ಸೇರಿಸಬಹುದು. ತೀರ್ಪಿನ ದಿನದ ನಂತರ ಸೇರಿಕೊಂಡ ಇಂಥ ಮೊತ್ತಗಳು ಮತದಾನದ ಲೆಕ್ಕಕ್ಕೆ ಬರುವುದಿಲ್ಲ ಎಂದು 2019ರ ಕಾನೂನು ಹೇಳುತ್ತದೆ. ಆದರೆ ಕಟ್ಟುವವನಿಗೆ ಸಿಗುವ ಚೀಟಿಯಲ್ಲಿ ಎರಡೂ ಒಟ್ಟಿಗೇ ಬರೆದಿರಬಹುದು.

ಈ ಕಾನೂನನ್ನು ಯಾರೂ ಪ್ರಶ್ನಿಸಲಿಲ್ಲವೇ? ಕೊನೆಗೆ ಏನಾಯಿತು?

ಪ್ರಶ್ನಿಸಿದರು. ಟ್ಯಾಲಹಾಸಿಯ ಫೆಡರಲ್ ನ್ಯಾಯಾಧೀಶ ರಾಬರ್ಟ್ ಹಿಂಕಲ್ 2020ರ ಮೇ ತಿಂಗಳಲ್ಲಿ ವಿಚಾರಣೆ ಮುಗಿಸಿ, ಕಟ್ಟಲು ಶಕ್ತಿಯಿಲ್ಲದವರನ್ನು ಬಾಕಿಯ ನೆಪದಲ್ಲಿ ತಡೆಯುವುದು ಸಂವಿಧಾನಕ್ಕೆ ವಿರುದ್ಧ ಎಂದರು. ಆ ತೀರ್ಪನ್ನು ಹನ್ನೊಂದನೇ ಸರ್ಕಿಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ತಡೆಹಿಡಿಯಿತು. ತಡೆಯನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ ಜುಲೈನಲ್ಲಿ ನಿರಾಕರಿಸಿದಾಗ ನ್ಯಾಯಮೂರ್ತಿ ಸೋಟೊಮೇಯರ್ ಭಿನ್ನಮತ ಬರೆದರು. 2020ರ ಸೆಪ್ಟೆಂಬರ್ 11ರಂದು ಹನ್ನೊಂದನೇ ಸರ್ಕಿಟ್‌ನ ಪೂರ್ಣಪೀಠ ಆರಕ್ಕೆ ನಾಲ್ಕರ ಬಹುಮತದಿಂದ ಹಿಂಕಲ್ ಅವರ ತೀರ್ಪನ್ನು ತಳ್ಳಿಹಾಕಿತು. ಅಂದಿನಿಂದ ಹಣ ಕಟ್ಟಬೇಕೆಂಬ ನಿಯಮವೇ ನಡೆದುಬಂದಿದೆ.

ಕಾನೂನಿನ ದೃಷ್ಟಿಯಿಂದ ಸೋತರೂ, ಹಿಂಕಲ್ ಅವರ ಮುಂದೆ ಬಂದ ಸಾಕ್ಷ್ಯವನ್ನು ಓದಲೇಬೇಕು. ಬಾಕಿಯ ಕಾರಣದಿಂದ ಹೊರಗುಳಿಯುವವರು ಏಳೂಮುಕ್ಕಾಲು ಲಕ್ಷಕ್ಕೆ ಹತ್ತಿರ ಎಂದು ಫ್ಲಾರಿಡಾ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ಡೇನಿಯಲ್ ಸ್ಮಿತ್ ಲೆಕ್ಕ ಕೊಟ್ಟರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಯಾದೃಚ್ಛಿಕವಾಗಿ ಆರಿಸಿದ 153 ಜನರ ಕಡತಗಳನ್ನು ಒಬ್ಬ ಪ್ರಾಧ್ಯಾಪಕಿ ತಮ್ಮ ಸಂಶೋಧನಾ ವಿದ್ಯಾರ್ಥಿಗಳೊಂದಿಗೆ ಹುಡುಕಿ ನೋಡಿದಾಗ, ಮೂವರನ್ನು ಬಿಟ್ಟು ಉಳಿದೆಲ್ಲರ ವಿಷಯದಲ್ಲಿ ದಾಖಲೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆಗಲೇ ನೋಂದಣಿ ಮಾಡಿಸಿದ್ದ ಸುಮಾರು 85,000 ಜನರ ಅರ್ಹತೆಯನ್ನು ರಾಜ್ಯ ಪರಿಶೀಲಿಸಬೇಕಿತ್ತು. ದಿನಕ್ಕೆ 57ರ ವೇಗದಲ್ಲಿ ಆ ಕೆಲಸ ಮುಗಿಯಲು 2026 ಆಗುತ್ತದೆಂದು ನ್ಯಾಯಾಧೀಶರು ಲೆಕ್ಕ ಹಾಕಿದರು. ಕಟ್ಟಿದ ಹಣವನ್ನು ಹೇಗೆ ಎಣಿಸಬೇಕು ಎಂಬ ನಿಯಮವನ್ನೇ ರಾಜ್ಯ ಸರ್ಕಾರ ಮೊಕದ್ದಮೆ ನಡೆಯುತ್ತಿದ್ದಾಗ ಬದಲಿಸಿತು. ಕಟ್ಟು ಎನ್ನುವವರಿಗೆ ಎಷ್ಟು ಕಟ್ಟಬೇಕೆಂದು ಹೇಳಲು ಬಾರದಿದ್ದರೆ, ಕಟ್ಟಲು ದುಡ್ಡಿರುವವನೂ ಸಿಕ್ಕಿಹಾಕಿಕೊಳ್ಳುತ್ತಾನೆ. ಬಡತನದ ವಾದಕ್ಕಿಂತ ಈ ವಾದವೇ ನಮಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ.

ತನ್ನ ಬಾಕಿ ಎಷ್ಟೆಂದು ಒಬ್ಬ ವ್ಯಕ್ತಿ ತಿಳಿದುಕೊಳ್ಳುವುದು ಹೇಗೆ?

ಫ್ಲಾರಿಡಾದಲ್ಲಿ 67 ಕೌಂಟಿಗಳಿವೆ; ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಚುನಾಯಿತರಾದ ನ್ಯಾಯಾಲಯದ ಕ್ಲರ್ಕ್ ಇದ್ದಾರೆ. ಶಿಕ್ಷೆಯಾದದ್ದು ಯಾವ ಕೌಂಟಿಯಲ್ಲೋ ಅಲ್ಲಿನ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸಬೇಕು. ಎರಡು ಕೌಂಟಿಗಳಲ್ಲಿ ಪ್ರಕರಣಗಳಿದ್ದರೆ ಎರಡು ಕಡೆಯೂ ವಿಚಾರಿಸಬೇಕು. ಪರಿಹಾರದ ಹಣವನ್ನು ಕೆಲವೊಮ್ಮೆ ಕ್ಲರ್ಕ್ ಮೂಲಕವಲ್ಲದೆ ಬಂದೀಖಾನೆ ಇಲಾಖೆಯ ಮೂಲಕ ಅಥವಾ ನೇರವಾಗಿ ಸಂತ್ರಸ್ತರಿಗೇ ಕಟ್ಟಿರುತ್ತಾರೆ. ಅದರ ಲೆಕ್ಕ ಕ್ಲರ್ಕ್ ಬಳಿ ಇರಲಾರದು. 1980ರ ದಶಕದ ಪ್ರಕರಣವಾದರೆ ಕಡತ ಗೋದಾಮಿನಲ್ಲಿರಬಹುದು, ಇಲ್ಲದೆಯೂ ಇರಬಹುದು.

ಕೇಳಿ ಪಡೆಯಬೇಕಾದದ್ದು ತೀರ್ಪು ಮತ್ತು ಶಿಕ್ಷೆಯ ಆದೇಶದ ಪ್ರತಿ. ಅಂದು ವಿಧಿಸಿದ ಮೊತ್ತ ಅದರಲ್ಲಿರುತ್ತದೆ, ಹಕ್ಕಿನ ಪ್ರಶ್ನೆಗೆ ಆ ಮೊತ್ತವೇ ಮುಖ್ಯ. ಕಂಪ್ಯೂಟರಿನಲ್ಲಿ ಕಾಣುವ ಇಂದಿನ ಬಾಕಿಯನ್ನು ಅದರೊಂದಿಗೆ ಹೋಲಿಸಿ ನೋಡಬೇಕು. ಬಾಕಿಯನ್ನು ಸಿವಿಲ್ ಸಾಲವಾಗಿ ಪರಿವರ್ತಿಸಿದ್ದರೆ ಅದು ತೀರಿದಂತಲ್ಲ ಎಂದು 2019ರ ಕಾನೂನು ಹೇಳುತ್ತದೆ. ಆದರೆ ನ್ಯಾಯಾಧೀಶರು ಆದೇಶವನ್ನು ಮಾರ್ಪಡಿಸಬಹುದು, ಹಣದ ಬದಲು ಸಮುದಾಯ ಸೇವೆಗೆ ಅವಕಾಶ ಕೊಡಬಹುದು. ಆ ಸೇವೆ ಪೂರ್ತಿಯಾದರೆ ಬಾಕಿ ತೀರಿದ ಲೆಕ್ಕವೇ.

ಬಾಕಿ ತೀರಿಸಲು ನೆರವು ನೀಡುವ ನಿಧಿಯನ್ನು ಮೀಡ್ ಅವರ ಸಂಘಟನೆ ಆರಂಭಿಸಿತು. 2020ರಲ್ಲಿ ಶ್ರೀಮಂತ ಉದ್ಯಮಿ ಮೈಕಲ್ ಬ್ಲೂಮ್‌ಬರ್ಗ್ ಮುಂದೆ ನಿಂತು 1.6 ಕೋಟಿ ಡಾಲರ್‌ಗಿಂತ ಹೆಚ್ಚು ಕೂಡಿಸಿಕೊಟ್ಟಾಗ, ಇದು ಮತ ಖರೀದಿಯಲ್ಲವೇ ಎಂದು ತನಿಖೆ ಮಾಡುವಂತೆ ರಾಜ್ಯದ ಅಟಾರ್ನಿ ಜನರಲ್ ಕೇಂದ್ರದ ತನಿಖಾ ಸಂಸ್ಥೆಯನ್ನು ಕೇಳಿದ್ದರು.

ಮತದಾರರ ಕಾರ್ಡ್ ಅಂಚೆಯಲ್ಲಿ ಮನೆಗೇ ಬಂದಿದ್ದರೆ ಹಕ್ಕು ಮರಳಿದೆ ಎಂದಲ್ಲವೇ?

ಅಲ್ಲ, ಮತ್ತು ಇದು ಈ ಪುಟದಲ್ಲಿ ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಬೇಕಾದ ಉತ್ತರ. 2022ರ ಆಗಸ್ಟ್ 18ರಂದು ಡಿಸ್ಯಾಂಟಿಸ್ ಅವರು ಅಕ್ರಮವಾಗಿ ಮತ ಹಾಕಿದ ಆರೋಪದ ಮೇಲೆ 20 ಜನರನ್ನು ಬಂಧಿಸಲಾಗುತ್ತಿದೆ ಎಂದು ಪತ್ರಿಕಾಗೋಷ್ಠಿ ಕರೆದು ಘೋಷಿಸಿದರು. ಅವರೆಲ್ಲ ಕೊಲೆ ಅಥವಾ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾಗಿದ್ದವರು. ಅಂದರೆ ತಿದ್ದುಪಡಿಯ ಲಾಭ ಅವರಿಗಿರಲಿಲ್ಲ. ಆದರೆ ಅವರು ಅರ್ಜಿ ಹಾಕಿದಾಗ ಯಾರೂ ಬೇಡವೆನ್ನಲಿಲ್ಲ; ಕಾರ್ಡ್ ಬಂದಿತ್ತು, 2020ರಲ್ಲಿ ಮತ ಹಾಕಿದ್ದರು. ಪೊಲೀಸರ ಮೈಗೆ ಸಿಕ್ಕಿಸಿದ್ದ ಕ್ಯಾಮೆರಾಗಳ ದೃಶ್ಯಗಳನ್ನು ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆ ಆ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಕೈಗೆ ಕೋಳ ಬಿದ್ದವರು ನಾನೇನು ತಪ್ಪು ಮಾಡಿದೆ ಎಂದು ಕೇಳುತ್ತಿದ್ದರೆ, ಕೋಳ ತೊಡಿಸುತ್ತಿದ್ದ ಕೆಲವು ಅಧಿಕಾರಿಗಳಿಗೂ ಮುಜುಗರವಾಗುತ್ತಿದ್ದುದು ಅವುಗಳಲ್ಲಿ ಕಾಣುತ್ತದೆ.

ಅನರ್ಹನೆಂದು ಗೊತ್ತಿದ್ದೂ ಉದ್ದೇಶಪೂರ್ವಕವಾಗಿ ಮತ ಹಾಕಿದನೆಂದು ಸಾಬೀತಾದರೆ ಮಾತ್ರ ಇದು ಅಪರಾಧ. ಹಲವು ಪ್ರಕರಣಗಳನ್ನು ನ್ಯಾಯಾಧೀಶರು ವಜಾ ಮಾಡಿದ್ದು, ಮೊಕದ್ದಮೆ ಹೂಡಿದ ರಾಜ್ಯಮಟ್ಟದ ಪ್ರಾಸಿಕ್ಯೂಟರ್‌ಗೆ ಆ ಅಧಿಕಾರವಿಲ್ಲ ಎಂಬ ಕಾರಣದಿಂದ. ಶಾಸನಸಭೆ 2023ರಲ್ಲಿ ಕಾನೂನು ಬದಲಿಸಿ ಆ ಅಧಿಕಾರವನ್ನು ಕೊಟ್ಟಿತು. ಅದೇ ವರ್ಷ ಬಂದ ಇನ್ನೊಂದು ಕಾನೂನಿನಂತೆ, ಈ ಕಾರ್ಡ್ ಮಾಹಿತಿಗಾಗಿ ಮಾತ್ರ, ಮತ ಹಾಕುವ ಅರ್ಹತೆಗೆ ಪುರಾವೆಯಲ್ಲ ಎಂಬ ಒಕ್ಕಣೆಯನ್ನು ಮತದಾರರ ಕಾರ್ಡಿನ ಮೇಲೆಯೇ ಮುದ್ರಿಸಲಾಗುತ್ತಿದೆ. ಪರಿಶೀಲನೆಯನ್ನು ಸರಿಪಡಿಸುವ ಬದಲು ಕಾರ್ಡಿನ ಮೇಲೆ ಒಂದು ಸಾಲು ಸೇರಿಸಿದ್ದು ಸುಲಭದ ದಾರಿಯಾಯಿತು ಎನ್ನದೆ ವಿಧಿಯಿಲ್ಲ.

ಅನುಮಾನವಿದ್ದರೆ ಏನು ಮಾಡಬೇಕು?

ನೋಂದಣಿ ಅರ್ಜಿಯಲ್ಲಿ, ತಾನು ಫೆಲನಿ ಅಪರಾಧಿಯಲ್ಲ ಅಥವಾ ಆಗಿದ್ದರೂ ಹಕ್ಕು ಮರಳಿದೆ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಸುಳ್ಳು ಪ್ರಮಾಣವೂ ಫೆಲನಿಯೇ. ಐದು ವರ್ಷದವರೆಗೆ ಸೆರೆವಾಸವಾಗಬಹುದು. ಆದ್ದರಿಂದ ಸಹಿ ಹಾಕುವ ಮೊದಲು ರಾಜ್ಯದ ಚುನಾವಣಾ ವಿಭಾಗಕ್ಕೆ ಬರೆದು, ತನ್ನ ವಿಷಯದಲ್ಲಿ ಲಿಖಿತ ಅಭಿಪ್ರಾಯ ಕೊಡಿ ಎಂದು ಕೇಳುವುದು ಕ್ಷೇಮ. ಆ ಅಭಿಪ್ರಾಯವನ್ನು ನಂಬಿ ನಡೆದವನಿಗೆ ಕಾನೂನಿನ ರಕ್ಷಣೆಯಿದೆ. ಮತದಾನಕ್ಕೆ 29 ದಿನ ಮೊದಲು ನೋಂದಣಿ ಮುಗಿಯುತ್ತದೆಯಾದ್ದರಿಂದ, ಈ ಪತ್ರ ವ್ಯವಹಾರವನ್ನು ಹಲವು ತಿಂಗಳು ಮುಂಚೆಯೇ ಆರಂಭಿಸಬೇಕು. ಕೌಂಟರಿನಲ್ಲಿ ಕುಳಿತವರು ಬಾಯಿಮಾತಿನಲ್ಲಿ ಹೇಳಿದ್ದು ಮುಂದೆ ಪುರಾವೆಯಾಗಿ ನಿಲ್ಲುವುದು ಕಷ್ಟ.

ಬೇರೆ ರಾಜ್ಯದಲ್ಲಿ ಶಿಕ್ಷೆಯಾಗಿ ಈಗ ಫ್ಲಾರಿಡಾದಲ್ಲಿ ನೆಲೆಸಿದ್ದರೆ?

ಶಿಕ್ಷೆ ಕೊಟ್ಟ ರಾಜ್ಯದ ನಿಯಮವನ್ನು ಫ್ಲಾರಿಡಾ ಒಪ್ಪಿಕೊಳ್ಳುತ್ತದೆ: ಅಲ್ಲಿ ಮತ ಹಾಕಲು ಅರ್ಹನಾದವನು ಇಲ್ಲಿಯೂ ಅರ್ಹ. 2024ರ ಮೇ 30ರಂದು ನ್ಯೂಯಾರ್ಕಿನಲ್ಲಿ ಫೆಲನಿ ಅಪರಾಧಿಯೆಂದು ತೀರ್ಪಾದ ಡೊನಾಲ್ಡ್ ಟ್ರಂಪ್ ಅದೇ ನವೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಮತ ಹಾಕಲು ಸಾಧ್ಯವಾದದ್ದು, ಜೈಲಿನಲ್ಲಿ ಇಲ್ಲದವರಿಗೆ ಮತದಾನವನ್ನು ತಡೆಯದ ನ್ಯೂಯಾರ್ಕಿನ 2021ರ ಕಾನೂನಿನಿಂದ. ಫೆಡರಲ್ ನ್ಯಾಯಾಲಯದಲ್ಲಿ ಶಿಕ್ಷೆಯಾದವರಿಗೆ ಅವರು ವಾಸಿಸುವ ರಾಜ್ಯದ ನಿಯಮ ಅನ್ವಯಿಸುತ್ತದೆ.

ವಿಚಾರಣೆಗಾಗಿ ಜೈಲಿನಲ್ಲಿರುವವರು ಮತ ಹಾಕಬಹುದೇ?

ಹಾಕಬಹುದು, ತೀರ್ಪಾಗದವರ ಹಕ್ಕು ಹೋಗಿರುವುದಿಲ್ಲ. ಮಿಸ್‌ಡಿಮೀನರ್‌ಗಾಗಿ ಜೈಲಿನಲ್ಲಿರುವವರಿಗೂ ಬಹುತೇಕ ರಾಜ್ಯಗಳಲ್ಲಿ ಹಕ್ಕಿದೆ. ಆದರೆ ಅರ್ಜಿ ತರಿಸಿಕೊಳ್ಳುವುದು, ಅಂಚೆ ಮತಪತ್ರ ಸಮಯಕ್ಕೆ ಸರಿಯಾಗಿ ತಲುಪುವುದು ಜೈಲಿನ ಸಿಬ್ಬಂದಿಯ ಸಹಕಾರವಿಲ್ಲದೆ ನಡೆಯುವುದಿಲ್ಲ. ಶಿಕಾಗೊ ನಗರದ ಕುಕ್ ಕೌಂಟಿ ಜೈಲು ಇದಕ್ಕೆ ನೇರ ಪರಿಹಾರ ಕಂಡುಕೊಂಡಿದೆ: 2020ರ ಮಾರ್ಚ್‌ನಿಂದ ಜೈಲಿನೊಳಗೇ ಮತಗಟ್ಟೆ ತೆರೆಯಲಾಗುತ್ತಿದೆ.

ಗವರ್ನರ್ ಒಬ್ಬರೇ ಆದೇಶ ಹೊರಡಿಸಿ ಎಲ್ಲರಿಗೂ ಹಕ್ಕು ಮರಳಿಸಲಾಗದೇ?

ಕೆಲವು ರಾಜ್ಯಗಳಲ್ಲಿ ಆಗುತ್ತದೆ, ಆದರೆ ಮುಂದಿನ ಗವರ್ನರ್ ಬರುವವರೆಗೆ ಮಾತ್ರ. ಕೆಂಟಕಿಯಲ್ಲಿ ಸ್ಟೀವ್ ಬೆಶಿಯರ್ 2015ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದರು. ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ಮ್ಯಾಟ್ ಬೆವಿನ್ ಅದನ್ನು ಹಿಂದಕ್ಕೆ ಪಡೆದರು. 2019ರ ಡಿಸೆಂಬರ್‌ನಲ್ಲಿ ಸ್ಟೀವ್ ಅವರ ಮಗ ಆ್ಯಂಡಿ ಬೆಶಿಯರ್ ಗವರ್ನರ್ ಆದೊಡನೆ, ಹಿಂಸೆಯಿಲ್ಲದ ಅಪರಾಧಗಳಲ್ಲಿ ಶಿಕ್ಷೆ ಮುಗಿಸಿದ ಸುಮಾರು 1,40,000 ಜನರಿಗೆ ಹಕ್ಕು ಮರಳಿಸಿದರು. ಅಯೋವಾದಲ್ಲಿ 2005ರ ಆದೇಶ 2011ರಲ್ಲಿ ರದ್ದಾಗಿ, 2020ರಲ್ಲಿ ಬೇರೆ ರೂಪದಲ್ಲಿ ಮರಳಿತು.

ವರ್ಜೀನಿಯಾದ ಕಥೆ ಇನ್ನೂ ವಿಚಿತ್ರ. 2016ರ ಏಪ್ರಿಲ್‌ನಲ್ಲಿ ಟೆರಿ ಮೆಕಾಲಿಫ್ ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ಒಂದೇ ಆದೇಶದಲ್ಲಿ ಹಕ್ಕು ಮರಳಿಸಿದರು. ಒಟ್ಟಾರೆಯಾಗಿ ಹೀಗೆ ಕೊಡುವಂತಿಲ್ಲ, ಒಬ್ಬೊಬ್ಬರ ಹೆಸರಿನಲ್ಲೇ ಕೊಡಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಜುಲೈನಲ್ಲಿ ನಾಲ್ಕಕ್ಕೆ ಮೂರರ ಬಹುಮತದಿಂದ ಹೇಳಿತು. ಸರಿ ಎಂದು ಅವರು ಒಬ್ಬೊಬ್ಬರದೇ ಆದೇಶ ಹೊರಡಿಸಲು ಕುಳಿತು, ಅವಧಿ ಮುಗಿಯುವಷ್ಟರಲ್ಲಿ 1,73,000 ದಾಟಿಸಿದರು. 2023ರಲ್ಲಿ ಗ್ಲೆನ್ ಯಂಗ್‌ಕಿನ್ ಅವರ ಆಡಳಿತ, ಜೈಲಿನಿಂದ ಹೊರಬಂದವರಿಗೆ ತಾನಾಗಿ ಹಕ್ಕು ಕೊಡುವ ಪರಿಪಾಠವನ್ನು ಬಿಟ್ಟು ಪ್ರತಿ ಅರ್ಜಿಯನ್ನೂ ಬೇರೆಬೇರೆಯಾಗಿ ನೋಡುವ ಕ್ರಮಕ್ಕೆ ಮರಳಿತು.

ಅತ್ಯಂತ ಕಠಿಣ ನಿಯಮ ಎಲ್ಲಿದೆ?

ಮಿಸಿಸಿಪ್ಪಿಯನ್ನು ಹೆಸರಿಸಬಹುದು. ಅಲ್ಲಿ ಹಕ್ಕನ್ನು ಕಳೆಯುವ ಅಪರಾಧಗಳ ಪಟ್ಟಿ 1890ರ ಸಂವಿಧಾನದಲ್ಲಿದೆ. ಕಪ್ಪು ಜನರು ಹೆಚ್ಚಾಗಿ ಮಾಡುತ್ತಾರೆಂದು ಆ ಕಾಲದ ಬಿಳಿಯರು ಭಾವಿಸಿದ ಕಳ್ಳತನ, ಸುಳ್ಳು ನೆಪದಲ್ಲಿ ಹಣ ಪಡೆಯುವುದು, ಫೋರ್ಜರಿ, ದ್ವಿಪತ್ನಿತ್ವದಂಥವು ಆ ಪಟ್ಟಿಯಲ್ಲಿದ್ದವು; ಕೊಲೆ, ಅತ್ಯಾಚಾರ ಇರಲಿಲ್ಲ. ಅವೆರಡನ್ನು ಸೇರಿಸಿದ್ದು 1968ರಲ್ಲಿ. ಹಕ್ಕು ಮರಳಬೇಕಾದರೆ ಗವರ್ನರರ ಕ್ಷಮಾದಾನ ಬೇಕು, ಇಲ್ಲವೇ ಆ ಒಬ್ಬ ವ್ಯಕ್ತಿಯ ಹೆಸರಿನಲ್ಲೇ ಮಸೂದೆ ಮಂಡಿಸಿ ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆಯಬೇಕು. 2024ರ ಜುಲೈನಲ್ಲಿ ಐದನೇ ಸರ್ಕಿಟ್‌ನ ಪೂರ್ಣಪೀಠ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು.

ಹಕ್ಕು ಮರಳಿಸುವುದನ್ನು ವಿರೋಧಿಸುವವರ ವಾದವೇನು?

ಕಾನೂನು ಮುರಿದವನು ಕಾನೂನು ಮಾಡುವವರನ್ನು ಆರಿಸುವ ಮೊದಲು, ತಾನು ಬದಲಾಗಿದ್ದೇನೆಂದು ತೋರಿಸಿಕೊಡಬೇಕು ಎಂಬುದು ಮುಖ್ಯ ವಾದ. ಸಂತ್ರಸ್ತರ ಪರಿಹಾರ ಬಾಕಿಯಿರುವಾಗ ಶಿಕ್ಷೆ ಮುಗಿಯಿತೆನ್ನುವುದು ಅವರಿಗೆ ಮಾಡುವ ಅನ್ಯಾಯ ಎಂಬುದು ಇನ್ನೊಂದು. ಎರಡನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮೊದಲ ವಾದವನ್ನು ಒಪ್ಪಿದರೂ, ಬದಲಾದದ್ದನ್ನು ಯಾರು, ಯಾವ ಅಳತೆಯಿಂದ ತೀರ್ಮಾನಿಸಬೇಕು ಎಂಬ ಪ್ರಶ್ನೆಗೆ ಟ್ಯಾಲಹಾಸಿಯ ಮಂಡಳಿ ಉತ್ತರ ಕೊಟ್ಟಿರಲಿಲ್ಲ. ಎರಡನೆಯದನ್ನು ಒಪ್ಪಿದರೂ, ಸಂತ್ರಸ್ತರಿಗೆ ಒಂದು ಪೈಸೆಯೂ ಹೋಗದ ನ್ಯಾಯಾಲಯದ ಶುಲ್ಕಗಳಿಗೆ ಆ ವಾದ ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಲ್ಲಿ ತಿಳಿದಿರಬೇಕಾದದ್ದೇನು?

ಎಚ್-1ಬಿ ವೀಸಾದವರಿಗಾಗಲಿ ಗ್ರೀನ್ ಕಾರ್ಡ್ ಹೊಂದಿದವರಿಗಾಗಲಿ ಫೆಡರಲ್ ಚುನಾವಣೆಗಳಲ್ಲಿ ಮತದಾನದ ಹಕ್ಕು ಇಲ್ಲವೇ ಇಲ್ಲ. ಆದ್ದರಿಂದ ಮರಳಿಸುವ ಮಾತೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಯೋಚಿಸದೆ ಹೌದು ಎಂದು ಗುರುತು ಹಾಕಿ, ಆಮೇಲೆ ಮತವನ್ನೂ ಹಾಕಿದರೆ ಗಡೀಪಾರಿಗೆ ಅದೇ ಕಾರಣವಾಗಬಹುದು. ಪೌರತ್ವ ಪಡೆದವರಿಗೆ ಇತರ ಅಮೆರಿಕನ್ನರಿಗೆ ಅನ್ವಯಿಸುವ ನಿಯಮಗಳೇ ಅನ್ವಯಿಸುತ್ತವೆ. ಅವರಿಗೆ ಫೆಲನಿ ಶಿಕ್ಷೆಯಾಗಿದ್ದರೆ ಈ ಪುಟದ ಉತ್ತರಗಳು ಅವರಿಗೂ ಸಲ್ಲುತ್ತವೆ.

ಭಾರತದಲ್ಲಿ ಈ ನಿಯಮ ಹೇಗಿದೆ?

ಬಹುಮಟ್ಟಿಗೆ ತಿರುವುಮುರುವು. ಜನಪ್ರತಿನಿಧಿ ಕಾಯ್ದೆ, 1951ರ 62(5)ನೇ ಸೆಕ್ಷನ್ ಪ್ರಕಾರ ಜೈಲಿನಲ್ಲಿ ಅಥವಾ ಪೊಲೀಸರ ಕಾನೂನುಬದ್ಧ ವಶದಲ್ಲಿರುವ ಯಾರೂ ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. 1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹೀಗಾಗಿ ಪರಪ್ಪನ ಅಗ್ರಹಾರದಲ್ಲಿ ಜಾಮೀನು ಸಿಗದೆ ಕುಳಿತಿರುವ, ಇನ್ನೂ ಅಪರಾಧಿಯೆಂದು ತೀರ್ಪಾಗದ ವಿಚಾರಣಾಧೀನ ಕೈದಿಗೆ ಮತವಿಲ್ಲ. ಶಿಕ್ಷೆಯಾಗಿ ಮೇಲ್ಮನವಿಯ ಮೇಲೆ ಜಾಮೀನು ಪಡೆದು ಹೊರಗಿರುವವನಿಗೆ ಇದೆ. ಆದರೆ ಬಿಡುಗಡೆಯಾದ ದಿನದಿಂದ ಭಾರತದಲ್ಲಿ ಯಾವ ಅರ್ಜಿಯೂ ಬೇಕಿಲ್ಲ, ಬಾಕಿ ಲೆಕ್ಕವೂ ಇಲ್ಲ. ಜೈಲಿನಲ್ಲಿದ್ದ ಕಾರಣಕ್ಕೆ ಮತದಾರರ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ಚುನಾವಣಾ ಅಪರಾಧಗಳಿಗೆ ಸಂಬಂಧಿಸಿದ ಕೆಲವು ಅನರ್ಹತೆಗಳು ಮಾತ್ರ ಪ್ರತ್ಯೇಕ.

ಮತದಾನದ ಹಕ್ಕಿನೊಂದಿಗೆ ಬೇರೆ ಹಕ್ಕುಗಳೂ ಮರಳುತ್ತವೆಯೇ?

ಫ್ಲಾರಿಡಾದ ತಿದ್ದುಪಡಿ ಮರಳಿಸಿದ್ದು ಮತವನ್ನು ಮಾತ್ರ. ಜೂರಿಯಲ್ಲಿ ಕೂರಲು, ಚುನಾವಣೆಗೆ ನಿಲ್ಲಲು, ಬಂದೂಕು ಇಟ್ಟುಕೊಳ್ಳಲು ಕ್ಷಮಾದಾನ ಮಂಡಳಿಗೆ ಬೇರೆಯಾಗಿಯೇ ಅರ್ಜಿ ಹಾಕಬೇಕು.

ಚುನಾವಣೆ ಹತ್ತಿರ ಬಂದಾಗ ನಿಯಮ ಬದಲಾದರೆ ಏನು ಗತಿ?

ನೆಬ್ರಾಸ್ಕಾದಲ್ಲಿ 2024ರಲ್ಲಿ ಹಾಗೇ ಆಯಿತು. ಶಿಕ್ಷೆ ಮುಗಿದ ಮೇಲೆ ಎರಡು ವರ್ಷ ಕಾಯಬೇಕೆಂಬ ಹಳೆಯ ನಿಯಮವನ್ನು ಶಾಸನಸಭೆ ಆ ವರ್ಷ ತೆಗೆದುಹಾಕಿತು. ಹೊಸ ಕಾನೂನು ಜಾರಿಗೆ ಬರುವ ಹೊತ್ತಿಗೆ ಸರಿಯಾಗಿ ರಾಜ್ಯದ ಅಟಾರ್ನಿ ಜನರಲ್, ಹಕ್ಕು ಮರಳಿಸುವ ಅಧಿಕಾರ ಶಾಸನಸಭೆಗೇ ಇಲ್ಲ, ಅದು ಕ್ಷಮಾದಾನ ಮಂಡಳಿಯದು ಎಂದು ಅಭಿಪ್ರಾಯ ಕೊಟ್ಟರು. ಚುನಾವಣೆಯ ಹೊಣೆ ಹೊತ್ತ ಸೆಕ್ರೆಟರಿ ಆಫ್ ಸ್ಟೇಟ್ ನೋಂದಣಿ ನಿಲ್ಲಿಸಿ ಎಂದು ಕೌಂಟಿಗಳಿಗೆ ಸೂಚಿಸಿದರು. 2005ರಿಂದ ಹಳೆಯ ನಿಯಮದಡಿ ಮತ ಹಾಕುತ್ತಿದ್ದವರ ಹಕ್ಕೂ ಇದರಿಂದ ಅನುಮಾನಕ್ಕೆ ಬಿತ್ತು. ರಾಜ್ಯದ ಸುಪ್ರೀಂ ಕೋರ್ಟ್ ಹೊಸ ಕಾನೂನಿನಂತೆ ನೋಂದಣಿ ಮಾಡಲೇಬೇಕೆಂದು ಆದೇಶಿಸಿದ್ದು ಅಕ್ಟೋಬರ್ 16ರಂದು. ಮತದಾನ ನವೆಂಬರ್ 5ಕ್ಕೆ. ಅಷ್ಟರಲ್ಲಿ ಕೌಂಟಿ ಕಚೇರಿಗೆ ಖುದ್ದಾಗಿ ಹೋಗಿ ಹೆಸರು ಬರೆಸುವ ಕೊನೆಯ ದಿನಕ್ಕೆ ಉಳಿದಿದ್ದುದು ಹತ್ತಿರಹತ್ತಿರ ಒಂಬತ್ತು ದಿನ.